ಎತ್ತರಿಸಿದ ಹೆದ್ದಾರಿ: ಉಳಿಸಬೇಕೆ, ಕೆಡವಬೇಕೆ?

ನಗರದ ನಡುವೆ ಕಂಬಗಳ ಮೇಲೆ ನಿರ್ಮಿಸಿದ ಹೆದ್ದಾರಿಯನ್ನು ಉಳಿಸಿಕೊಳ್ಳಬೇಕೆ ಅಥವಾ ಕೆಡವಬೇಕೆ ಎಂಬ ಪ್ರಶ್ನೆ ಜಗತ್ತಿನ ಹಲವು ನಗರಗಳಲ್ಲಿ ಎದ್ದಿದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ, ದಕ್ಷಿಣ ಕೊರಿಯಾದ ಸಿಯೋಲ್ ಇದಕ್ಕೆ ಹೆಸರಾದ ಉದಾಹರಣೆಗಳು. ಕರ್ನಾಟಕದಲ್ಲಿ ಬೆಂಗಳೂರು ಈ ಪ್ರಶ್ನೆಯ ಮೂರು ರೂಪಗಳನ್ನು ಕಂಡಿದೆ. ಒಂದು ಸೇತುವೆ ಕಟ್ಟುವ ಮೊದಲೇ ರದ್ದಾಯಿತು, ಒಂದು ಕೆಡವಲ್ಪಟ್ಟಿತು, ಮತ್ತೊಂದು ದೋಷ ಕಾಣಿಸಿಕೊಂಡ ಮೇಲೆ ದುರಸ್ತಿಯಾಗಿ ಉಳಿಯಿತು.

ಎರಡು ಬಗೆಯ ಸೇತುವೆಗಳು

ಭಂಕೂರ, ಶಹಾಬಾದ್, ವಾಡಿ ಭಾಗದವರಿಗೆ ಮೇಲ್ಸೇತುವೆ ಎಂದೊಡನೆ ನೆನಪಾಗುವುದು ರೈಲು ಹಳಿಯ ಮೇಲಿನ ಸೇತುವೆ. ಗೇಟ್ ಹಾಕಿದಾಗ ವಾಹನಗಳು ಸಾಲುಗಟ್ಟಿ ಕಾಯುವುದನ್ನು ಅದು ತಪ್ಪಿಸುತ್ತದೆ. ಹಳಿ ಇರುವವರೆಗೂ ಅದರ ಅಗತ್ಯ ಇದ್ದೇ ಇರುತ್ತದೆ.

ನಗರದ ಎತ್ತರಿಸಿದ ಹೆದ್ದಾರಿಯ ಸ್ವರೂಪ ಬೇರೆ. ಅದರ ಕೆಳಗೂ ರಸ್ತೆ ಇರುತ್ತದೆ. ದೂರ ಸಾಗುವ ವಾಹನಗಳನ್ನು ಸಿಗ್ನಲ್ ಹಾಗೂ ಅಡ್ಡರಸ್ತೆಗಳ ಗೊಡವೆಯಿಲ್ಲದೆ ಸಾಗಿಸುವುದಷ್ಟೇ ಅದರ ಕೆಲಸ. ಆದುದರಿಂದಲೇ ಅದು ಅನಿವಾರ್ಯವೇ ಎಂಬ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ.

ಕಟ್ಟುವ ಮೊದಲೇ ರದ್ದಾದ ಉಕ್ಕಿನ ಸೇತುವೆ

ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿ.ಮೀ. ಉದ್ದದ ಉಕ್ಕಿನ ಮೇಲ್ಸೇತುವೆ ನಿರ್ಮಿಸಲು ರಾಜ್ಯ ಸಚಿವ ಸಂಪುಟ 2016ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ನೀಡಿತು. ಅಂದಾಜು ವೆಚ್ಚ ಸುಮಾರು 1,791 ಕೋಟಿ ರೂಪಾಯಿ. ಇದಕ್ಕಾಗಿ 812 ಮರಗಳನ್ನು ಕಡಿಯಬೇಕಾಗುತ್ತದೆ ಎಂಬ ಅಂಶ ಹೊರಬಿದ್ದಾಗ ನಾಗರಿಕರ ವಿರೋಧ ತೀವ್ರಗೊಂಡಿತು. ಅಕ್ಟೋಬರ್ 16ರಂದು ಉದ್ದೇಶಿತ ಮಾರ್ಗದಲ್ಲಿ ಮಾನವ ಸರಪಳಿ ರಚನೆಯಾಯಿತು. ಅದೇ ತಿಂಗಳ ಕೊನೆಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಮಗಾರಿಗೆ ತಾತ್ಕಾಲಿಕ ತಡೆ ನೀಡಿತು. 2017ರ ಮಾರ್ಚ್ 2ರಂದು ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. 2019ರಲ್ಲಿ ಅದಕ್ಕೆ ಮರುಜೀವ ನೀಡುವ ಮಾತು ಕೇಳಿಬಂದಾಗಲೂ ವಿರೋಧ ಮರುಕಳಿಸಿತು.

ವಿಮಾನ ನಿಲ್ದಾಣಕ್ಕೆ ಬೇಗ ತಲುಪಲು ಸೇತುವೆ ಬೇಕೆಂಬುದು ಸರ್ಕಾರದ ವಾದವಾಗಿತ್ತು. ದಟ್ಟಣೆ ಒಂದು ಕಡೆಯಿಂದ ಮತ್ತೊಂದು ಕಡೆಗೆ ಸರಿಯುವುದೇ ಹೊರತು ಕರಗುವುದಿಲ್ಲ, ಅದೇ ಹಣ ಬಸ್ಸು–ರೈಲುಗಳಿಗೆ ವಿನಿಯೋಗವಾಗಲಿ ಎಂಬುದು ವಿರೋಧಿಗಳ ವಾದವಾಗಿತ್ತು.

ಕೆಡವಿದ ಸೇತುವೆ, ಅದರ ಜಾಗಕ್ಕೆ ಬಂದದ್ದು

ಬನ್ನೇರುಘಟ್ಟ ರಸ್ತೆಯ ಜಯದೇವ ಆಸ್ಪತ್ರೆ ಬಳಿ 2000ರ ದಶಕದಲ್ಲಿ ನಿರ್ಮಾಣವಾದ ಮೇಲ್ಸೇತುವೆಯನ್ನು ಮೆಟ್ರೊ ಕಾಮಗಾರಿಗಾಗಿ 2020ರಲ್ಲಿ ಕೆಡವಲಾಯಿತು. ಅದು ತನ್ನ ಆಯುಷ್ಯದ ಕಾಲು ಭಾಗವನ್ನೂ ಪೂರೈಸಿರಲಿಲ್ಲ. ಹಳದಿ ಮತ್ತು ಗುಲಾಬಿ ಮಾರ್ಗಗಳು ಕೂಡುವ ನಿಲ್ದಾಣಕ್ಕೆ ಆ ಜಾಗ ಬೇಕಾಗಿತ್ತು.

ಆದರೆ ಇದನ್ನು ಮೇಲ್ಸೇತುವೆಯ ತೆರವು ಎನ್ನುವುದಕ್ಕಿಂತ ಬದಲಾವಣೆ ಎನ್ನುವುದೇ ಸೂಕ್ತ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 3.3 ಕಿ.ಮೀ. ಉದ್ದಕ್ಕೆ ಕೆಳಹಂತದಲ್ಲಿ ವಾಹನ, ಮೇಲ್ಹಂತದಲ್ಲಿ ಮೆಟ್ರೊ ಸಾಗುವ ಎರಡು ಅಂತಸ್ತಿನ ಸೇತುವೆ ಎದ್ದು ನಿಂತಿತು. ಅದರ ಒಂದು ಬದಿ 2024ರ ಜುಲೈನಲ್ಲಿ ವಾಹನಗಳಿಗೆ ತೆರೆದುಕೊಂಡಿತು. ಹಳದಿ ಮಾರ್ಗದ ರೈಲು 2025ರ ಆಗಸ್ಟ್‌ನಲ್ಲಿ ಆರಂಭವಾಯಿತು. ಪುಣೆಯ ವಿಶ್ವವಿದ್ಯಾಲಯ ವೃತ್ತದ ಮೇಲ್ಸೇತುವೆಯನ್ನೂ 2020ರಲ್ಲಿ ಮೆಟ್ರೊಗಾಗಿಯೇ ಕೆಡವಲಾಯಿತು. ಎರಡೂ ಕಡೆ ಕಲಿಯಬೇಕಾದ ಪಾಠ ಒಂದೇ: ಮುಂದೆ ಬರಲಿರುವ ರೈಲು ಮಾರ್ಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಸೇತುವೆ ಕಟ್ಟಿದರೆ ಸಾರ್ವಜನಿಕರು ಎರಡು ಬಾರಿ ಹಣ ತೆರಬೇಕಾಗುತ್ತದೆ.

ಪೀಣ್ಯ: ದುರಸ್ತಿಯ ದಾರಿ

ತುಮಕೂರು ರಸ್ತೆಯ ಪೀಣ್ಯ ಮೇಲ್ಸೇತುವೆಯ ಕಥೆ ಉತ್ತರ ಕರ್ನಾಟಕದ ಪ್ರಯಾಣಿಕರಿಗೆ ನೇರವಾಗಿ ಸಂಬಂಧಿಸಿದ್ದು. 2010ರಲ್ಲಿ ಸಂಚಾರಕ್ಕೆ ತೆರೆದ, 4 ಕಿ.ಮೀ.ಗೂ ಮಿಕ್ಕಿ ಉದ್ದದ ಈ ಸೇತುವೆಯ ಕೇಬಲ್‌ಗಳಲ್ಲಿ ದೋಷ ಕಂಡುಬಂದುದರಿಂದ 2021ರ ಡಿಸೆಂಬರ್ 25ರಂದು ಸಂಚಾರ ನಿಲ್ಲಿಸಲಾಯಿತು.

ಕಾಂಕ್ರೀಟ್ ಒತ್ತಡವನ್ನು ತಾಳುತ್ತದೆ, ಎಳೆತವನ್ನು ತಾಳದು. ಆದುದರಿಂದ ತೊಲೆಯೊಳಗೆ ಉಕ್ಕಿನ ಕೇಬಲ್‌ಗಳನ್ನು ಬಿಗಿಯಾಗಿ ಎಳೆದು ಕಟ್ಟಿ, ಕಾಂಕ್ರೀಟನ್ನು ಸದಾ ಅದುಮಿದ ಸ್ಥಿತಿಯಲ್ಲಿ ಇಡಲಾಗುತ್ತದೆ. ಕೇಬಲ್ ತುಕ್ಕು ಹಿಡಿದರೆ ಅಥವಾ ಸಡಿಲಗೊಂಡರೆ ಸೇತುವೆಯ ಬಲವೇ ಕುಂದುತ್ತದೆ. ಹೊರಗಿನಿಂದ ನೋಡುವವರಿಗೆ ಮಾತ್ರ ಏನೂ ಕಾಣುವುದಿಲ್ಲ.

2022ರ ಫೆಬ್ರುವರಿಯಲ್ಲಿ ಲಘು ವಾಹನಗಳಿಗೆ ಅವಕಾಶ ನೀಡಲಾಯಿತು. ಬಸ್ಸು, ಲಾರಿಗಳು 2024ರ ಜುಲೈ ಕೊನೆಯವರೆಗೂ ಕೆಳಗಿನ ರಸ್ತೆಯಲ್ಲಿಯೇ ತೆವಳಬೇಕಾಯಿತು. ಸೇತುವೆಯನ್ನು ಕೆಡವಿ ಮತ್ತೆ ಕಟ್ಟಬೇಕೆ ಎಂಬ ಮಾತೂ ಈ ಅವಧಿಯಲ್ಲಿ ಕೇಳಿಬಂದಿತು. ಅಂತಿಮವಾಗಿ ಹೆಚ್ಚುವರಿ ಕೇಬಲ್‌ಗಳನ್ನು ಅಳವಡಿಸಿ ಸೇತುವೆಯನ್ನು ಬಲಪಡಿಸಲಾಯಿತು. ಭಾರಿ ವಾಹನಗಳಿಗೆ ಮತ್ತೆ ಅನುಮತಿ ನೀಡಿದಾಗಲೂ ನಿರ್ವಹಣೆಗೆಂದು ವಾರದಲ್ಲಿ ಒಂದು ದಿನ ಬಿಡುವು ಇರಿಸಲಾಯಿತು.

ಕೆಡವಿದ ನಗರಗಳ ಅನುಭವ

ಸ್ಯಾನ್ ಫ್ರಾನ್ಸಿಸ್ಕೊ ನಗರದ ಕಡಲ ದಂಡೆಯಲ್ಲಿ ಎಂಬಾರ್ಕಡೆರೊ ಎಂಬ ಎರಡು ಅಂತಸ್ತಿನ ಹೆದ್ದಾರಿ ಇತ್ತು. ಅದನ್ನು ತೆಗೆಯುವ ಪ್ರಸ್ತಾಪವನ್ನು 1986ರಲ್ಲಿ ಮತದಾರರೇ ತಿರಸ್ಕರಿಸಿದ್ದರು. 1989ರ ಅಕ್ಟೋಬರ್ 17ರ ಭೂಕಂಪದಲ್ಲಿ ಅದು ಜಖಂಗೊಂಡಿತು. ಸಮೀಪದ ಓಕ್ಲೆಂಡ್‌ನಲ್ಲಿ ಇದೇ ಬಗೆಯ ಹೆದ್ದಾರಿ ಕುಸಿದು 42 ಮಂದಿ ಮಡಿದರು. ಬಳಿಕವೂ ಚೈನಾಟೌನ್‌ನ ವರ್ತಕರು ಗ್ರಾಹಕರು ಬರುವ ದಾರಿ ತಪ್ಪುತ್ತದೆಂದು ತೆರವನ್ನು ವಿರೋಧಿಸಿದರು. 1991ರಲ್ಲಿ ಹೆದ್ದಾರಿಯನ್ನು ಕೆಡವಲಾಯಿತು. ತೆರವಿನ ಪರ ನಿಂತ ಮೇಯರ್ ಆರ್ಟ್ ಆಗ್ನೋಸ್ ಅದೇ ವರ್ಷದ ಚುನಾವಣೆಯಲ್ಲಿ ಸೋತರು. ಅಲ್ಲಿ ಇಂದು ಮರಗಳ ಸಾಲು, ಟ್ರಾಮ್ ಹಾಗೂ ಕಾಲುದಾರಿಗಳಿವೆ.

ಸಿಯೋಲ್‌ನಲ್ಲಿ ಚಿಯೊಂಗ್ಯೆಚಿಯೊನ್ ಎಂಬ ಹಳ್ಳವನ್ನು ಕಾಂಕ್ರೀಟಿನಿಂದ ಮುಚ್ಚಿ, ಮೇಲೆ ಎತ್ತರಿಸಿದ ಹೆದ್ದಾರಿ ಕಟ್ಟಲಾಗಿತ್ತು. ಆ ರಚನೆ ಶಿಥಿಲಗೊಂಡು ಭಾರಿ ದುರಸ್ತಿಯ ವೆಚ್ಚ ಎದುರಾಗಿತ್ತು. ಮೇಯರ್ ಲೀ ಮ್ಯುಂಗ್-ಬಾಕ್ ಅವಧಿಯಲ್ಲಿ 2003ರ ಜುಲೈನಲ್ಲಿ ತೆರವು ಆರಂಭವಾಗಿ, 2005ರಲ್ಲಿ ಸುಮಾರು 5.8 ಕಿ.ಮೀ. ಉದ್ದದ ಹಳ್ಳ ಜನರಿಗೆ ತೆರೆದುಕೊಂಡಿತು. ನಿರೀಕ್ಷಿಸಿದ್ದ ಸಂಚಾರ ಅವ್ಯವಸ್ಥೆ ಉಂಟಾಗಲಿಲ್ಲ. 2004ರಲ್ಲಿ ಬಸ್ ವ್ಯವಸ್ಥೆಯನ್ನು ಮರುರೂಪಿಸಿ, ರಸ್ತೆ ಮಧ್ಯದಲ್ಲಿ ಪ್ರತ್ಯೇಕ ಬಸ್ ಪಥ ಮತ್ತು ಏಕೀಕೃತ ಟಿಕೆಟ್ ದರ ಜಾರಿಗೆ ತಂದದ್ದು ಇದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು. ಇದಕ್ಕೂ ಬೆಲೆ ಇತ್ತು: ಬೀದಿ ವ್ಯಾಪಾರಿಗಳು ನೆಲೆ ಕಳೆದುಕೊಂಡರು, ಹಳ್ಳಕ್ಕೆ ಇಂದಿಗೂ ನೀರನ್ನು ಪಂಪ್ ಮೂಲಕವೇ ಹರಿಸಬೇಕಾಗಿದೆ.

ಟೋಕಿಯೊ ಮೂರನೆಯ ದಾರಿ ಹಿಡಿದಿದೆ. 1964ರ ಒಲಿಂಪಿಕ್ಸ್‌ಗೆ ಮುನ್ನ ನಿಹೊನ್‌ಬಾಶಿ ಸೇತುವೆಯ ಮೇಲೆ ಹಾದುಹೋದ ಹೆದ್ದಾರಿಯನ್ನು ನೆಲದಡಿಗೆ ಸಾಗಿಸುವ ಕಾಮಗಾರಿ 2040ರ ವೇಳೆಗೆ ಮುಗಿಯುವ ಗುರಿಯಿದೆ.

ವಾದ–ಪ್ರತಿವಾದ

ತೆರವಿನ ಪರವಾಗಿರುವವರು ಹೇಳುವುದು: ಹೊಸ ರಸ್ತೆ ಹೊಸ ವಾಹನಗಳನ್ನು ಕರೆತರುತ್ತದೆ, ರಸ್ತೆ ಕಡಿಮೆಯಾದಾಗ ಕೆಲವರು ಸಮಯ, ಮಾರ್ಗ ಅಥವಾ ವಾಹನವನ್ನೇ ಬದಲಿಸುತ್ತಾರೆ. ಜರ್ಮನಿಯ ಗಣಿತಜ್ಞ ಡೀಟ್ರಿಷ್ ಬ್ರೆಸ್ 1968ರಲ್ಲಿಯೇ, ಜಾಲಕ್ಕೆ ಒಂದು ರಸ್ತೆ ಸೇರಿಸಿದರೆ ಕೆಲವೊಮ್ಮೆ ಎಲ್ಲರ ಪ್ರಯಾಣವೂ ದೀರ್ಘವಾಗಬಹುದೆಂದು ತೋರಿಸಿಕೊಟ್ಟರು. ಸೇತುವೆಯ ಕೆಳಗಿನ ಕತ್ತಲೆ, ಧೂಳು, ಕಾಲ್ನಡಿಗೆಯವರ ಪರದಾಟವೂ ಲೆಕ್ಕಕ್ಕೆ ಬರುತ್ತವೆ.

ವಿರೋಧಿಸುವವರು ಹೇಳುವುದು: ಸರಕು ಸಾಗಿಸುವ ಲಾರಿ, ಆಂಬ್ಯುಲೆನ್ಸ್, ದೂರದ ಊರಿನ ಬಸ್ಸುಗಳಿಗೆ ಪರ್ಯಾಯ ಸುಲಭವಲ್ಲ. ಬಸ್ಸು–ರೈಲು ಸಾಲದ ನಗರದಲ್ಲಿ ಸೇತುವೆ ಕೆಡವಿದರೆ ಅದರ ಹೊರೆ ಬೀಳುವುದು ದುಡಿಯುವ ಜನರ ಮೇಲೆ. ಪೀಣ್ಯದಲ್ಲಿ ಎರಡೂವರೆ ವರ್ಷ ಭಾರಿ ವಾಹನಗಳು ಪಟ್ಟ ಪಾಡು ಈ ವಾದಕ್ಕೆ ಪುಷ್ಟಿ ನೀಡುತ್ತದೆ.

ತೀರ್ಮಾನ ಆಗುವುದು ಯಾವಾಗ?

ಈ ನಗರಗಳ ಇತಿಹಾಸದಲ್ಲಿ ಒಂದು ಸಾಮ್ಯವಿದೆ. ಸುಸ್ಥಿತಿಯಲ್ಲಿರುವ ಸೇತುವೆ ವಾದದ ಬಲದಿಂದಲೇ ಬಿದ್ದದ್ದು ವಿರಳ. ಭೂಕಂಪವೋ ಶಿಥಿಲತೆಯೋ ಎದುರಾದಾಗ, ಇಲ್ಲವೇ ಮೆಟ್ರೊಗೆ ಜಾಗ ಬೇಕಾದಾಗ ಮಾತ್ರ ತೀರ್ಮಾನ ಹೊರಬೀಳುತ್ತದೆ. ಅಷ್ಟರೊಳಗೆ ಪರ್ಯಾಯ ಸಿದ್ಧವಿದ್ದ ನಗರಕ್ಕೆ ತೆರವು ಲಾಭವಾಯಿತು. ಸಿದ್ಧವಿಲ್ಲದೆಡೆ ಒಂದು ಸೇತುವೆಯ ಜಾಗದಲ್ಲಿ ಇನ್ನೂ ದೊಡ್ಡದೊಂದು ಬಂದಿತು.

ಬೆಂಗಳೂರಿನಲ್ಲಿ ಹೆಬ್ಬಾಳ–ಸಿಲ್ಕ್ ಬೋರ್ಡ್ ಸುರಂಗ ರಸ್ತೆ ಕುರಿತು 2025ರಲ್ಲಿ ಎದ್ದ ವಿವಾದದಲ್ಲಿಯೂ ಇವೇ ವಾದಗಳು ಮರಳಿ ಬಂದವು. ಕಲಬುರಗಿಯಂತಹ ಬೆಳೆಯುತ್ತಿರುವ ನಗರಗಳಿಗೂ ಈ ಚರ್ಚೆ ದೂರದ್ದಲ್ಲ. ಸೇತುವೆ ಮಂಜೂರಾಗುವ ಮುನ್ನವೇ ಅದರ ಆಯುಷ್ಯವೆಷ್ಟು, ವರ್ಷದ ನಿರ್ವಹಣೆಗೆ ಹಣವೆಲ್ಲಿ, ಅದು ಮುಚ್ಚಿದ ದಿನ ಬಸ್ಸು ಯಾವ ದಾರಿಯಲ್ಲಿ ಹೋಗಬೇಕು ಎಂದು ಕೇಳುವುದು ನಾಗರಿಕರ ಹಕ್ಕು. ಕಂಬ ಎದ್ದ ಮೇಲೆ ಈ ಪ್ರಶ್ನೆಗಳಿಗೆ ತೆರಬೇಕಾದ ಬೆಲೆ ಬಹಳ ದುಬಾರಿ.