ಜಗಳವಿಲ್ಲದ ಅಗಲಿಕೆ: ಹದಿಹರೆಯದ ಗೆಳೆತನದ ಕಾದಂಬರಿ ಮತ್ತು ಹಾವೇರಿ ಸೀಮೆ

ಸಾರಾಂಶ

ಹದಿಹರೆಯದ ಆಪ್ತ ಗೆಳೆಯರು ದೂರವಾಗುವ ಕಥೆಯನ್ನು ಸಾಮಾನ್ಯವಾಗಿ ದ್ರೋಹದ ಕಥೆಯಾಗಿಯೋ ಸ್ವಭಾವಗಳ ಘರ್ಷಣೆಯಾಗಿಯೋ ಓದುತ್ತೇವೆ. ಈ ಅಗಲಿಕೆಗೆ ಬಹುಪಾಲು ಶಾಲೆ, ವರ್ಗಾವಣೆ, ದುಡಿಮೆ, ಮದುವೆಗಳಂಥ ಸಾಮಾಜಿಕ ವ್ಯವಸ್ಥೆಗಳೇ ಕಾರಣ. ಆದರೆ ಮಕ್ಕಳು ಅದನ್ನು ತಮ್ಮದೇ ತಪ್ಪು ಅಥವಾ ಗೆಳೆಯನ ತಪ್ಪು ಎಂದು ಅನುಭವಿಸುತ್ತಾರೆ ಎಂಬುದು ಈ ಲೇಖನದ ವಾದ. ಆರ್.ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ (1935) ಮತ್ತು ಎಲೆನಾ ಫೆರಾಂಟೆಯ ‘ಮೈ ಬ್ರಿಲಿಯಂಟ್ ಫ್ರೆಂಡ್’ (2011) ಕಾದಂಬರಿಗಳ ಓದಿನಿಂದ ಈ ವಾದವನ್ನು ಕಟ್ಟಿಕೊಂಡು, ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಊರುಗಳಲ್ಲಿ ಇಂಥ ಕನ್ನಡ ಕಾದಂಬರಿಗೆ ಇರುವ ನೆಲೆಗಳನ್ನು ಇಲ್ಲಿ ಗುರುತಿಸಲಾಗಿದೆ.

ಕೀಲಿಪದಗಳು: ಹದಿಹರೆಯದ ಕಾದಂಬರಿ, ಗೆಳೆತನ, ಎಸ್ಸೆಸ್ಸೆಲ್ಸಿ, ಹಾವೇರಿ ಜಿಲ್ಲೆ, ಬನ್ನಿ

1. ಪ್ರಸ್ತಾವನೆ

ಕನ್ನಡ ಕಾದಂಬರಿಗೆ ಓದುಗರನ್ನು ಸೃಷ್ಟಿಸಿದವರಲ್ಲಿ ಗಳಗನಾಥರು (1869–1942) ಮೊದಲ ಸಾಲಿನವರು. ಹಾವೇರಿ ತಾಲ್ಲೂಕಿನ, ತುಂಗಭದ್ರೆಯ ದಂಡೆಯ ಗಳಗನಾಥ ಗ್ರಾಮದ ಈ ವೆಂಕಟೇಶ ತಿರಕೊ ಕುಲಕರ್ಣಿಯವರು ಮಾಸ್ತರಿಕೆ ಮಾಡಿದರು, ಅಗಡಿಯ ‘ಸದ್ಬೋಧ ಚಂದ್ರಿಕೆ’ ಪತ್ರಿಕೆಯನ್ನು ನಡೆಸಿದರು, ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅಂದಿನ ಓದುಗನಿಗೆ ಅವರು ಕೊಟ್ಟಿದ್ದು ರಾಜ್ಯ, ಧರ್ಮ, ಪರಾಕ್ರಮಗಳ ಐತಿಹಾಸಿಕ ಕಾದಂಬರಿ. ಶತಮಾನ ಕಳೆದ ಮೇಲೆ, 2023ರ ಜನವರಿಯಲ್ಲಿ, ಇದೇ ಹಾವೇರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಕಾದಂಬರಿಯ ಓದನ್ನು ಮನೆಮನೆಗೆ ಮುಟ್ಟಿಸಿದ ಈ ಸೀಮೆಯಲ್ಲಿ ಇಂದು ಪಿಯುಸಿ ಓದುತ್ತಿರುವ ಹುಡುಗ ಹುಡುಗಿಯರಿಗೆ, ಅವರ ವಯಸ್ಸಿನ ಅತಿ ದೊಡ್ಡ ನೋವನ್ನು ಅವರ ನುಡಿಯಲ್ಲೇ ಹೇಳುವ ಕಾದಂಬರಿಗಳು ತೀರ ವಿರಳ.

ಆ ನೋವು ಪ್ರೇಮದ್ದೇ ಆಗಬೇಕಿಲ್ಲ. ಎಂಟು ವರ್ಷ ಒಂದೇ ಬೆಂಚಿನಲ್ಲಿ ಕೂತವರು ಒಂದು ವರ್ಷದೊಳಗೆ ಬಸ್‌ಸ್ಟ್ಯಾಂಡಿನಲ್ಲಿ ಎದುರಾದಾಗ ಏನು ಮಾತಾಡಬೇಕೆಂದು ತಿಳಿಯದೆ ನಿಲ್ಲುವ ನೋವು ಅದು. ದೊಡ್ಡವರ ಲೆಕ್ಕದಲ್ಲಿ ಇದು ಸಣ್ಣ ವಿಷಯ. ಆದರೆ ಅಮೆರಿಕದ ಮನೋವೈದ್ಯ ಹ್ಯಾರಿ ಸ್ಟ್ಯಾಕ್ ಸಲಿವನ್, ಅವರ ನಿಧನಾನಂತರ 1953ರಲ್ಲಿ ಪ್ರಕಟವಾದ ಉಪನ್ಯಾಸಗಳಲ್ಲಿ, ಹದಿಹರೆಯದ ಹೊಸ್ತಿಲಲ್ಲಿ ಮೂಡುವ ಒಬ್ಬ ಆಪ್ತ ಗೆಳೆಯನ ಸಂಬಂಧಕ್ಕೆ ವ್ಯಕ್ತಿತ್ವದ ಬೆಳವಣಿಗೆಯಲ್ಲಿ ಬಹು ದೊಡ್ಡ ಸ್ಥಾನ ಕೊಟ್ಟರು. ಇನ್ನೊಬ್ಬರ ಸುಖದುಃಖ ತನ್ನದರಷ್ಟೇ ಮುಖ್ಯವೆಂದು ಮಗು ಮೊದಲು ಕಲಿಯುವುದು ಅಲ್ಲಿ ಎಂಬುದು ಅವರ ನಿಲುವು. ಮನಶ್ಶಾಸ್ತ್ರಜ್ಞೆ ನಿಯೋಬಿ ವೇ ಅವರು ‘ಡೀಪ್ ಸೀಕ್ರೆಟ್ಸ್’ (2011) ಗ್ರಂಥದಲ್ಲಿ, ಎಳೆಯ ಹರೆಯದಲ್ಲಿ ಗೆಳೆಯರ ಬಗ್ಗೆ ಮನಬಿಚ್ಚಿ ಮಾತಾಡುತ್ತಿದ್ದ ಅಮೆರಿಕದ ಹುಡುಗರು ಹರೆಯದ ಕೊನೆಯ ವರ್ಷಗಳಲ್ಲಿ ಆ ಆಪ್ತತೆಯನ್ನು ಕಳೆದುಕೊಳ್ಳುವುದನ್ನು ದಾಖಲಿಸಿದ್ದಾರೆ. ಮೊದಲ ಆಪ್ತತೆ ಅಷ್ಟು ಮುಖ್ಯವಾದರೆ ಅದರ ನಷ್ಟವೂ ಸಾಹಿತ್ಯಕ್ಕೆ ಗಂಭೀರ ವಸ್ತುವೇ.

2. ಸ್ವಾಮಿಯ ಗುಂಪು ಒಡೆದ ಬಗೆ

ಕರ್ನಾಟಕದ ಮಟ್ಟಿಗೆ ಈ ವಸ್ತುವಿನ ಅತ್ಯಂತ ಪ್ರಸಿದ್ಧ ಕೃತಿ ಮೈಸೂರಿನ ಆರ್.ಕೆ. ನಾರಾಯಣರು ಇಂಗ್ಲಿಷಿನಲ್ಲಿ ಬರೆದ ‘ಸ್ವಾಮಿ ಅಂಡ್ ಫ್ರೆಂಡ್ಸ್’. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯಿಂದಾಗಿ ಸ್ವಾಮಿ, ಮಣಿ, ರಾಜಂ ಕನ್ನಡಿಗರ ಮನೆಮಾತಾದರು. ಸ್ವಾಮಿ ಇನ್ನೂ ಹತ್ತರ ಆಸುಪಾಸಿನ ಹುಡುಗ. ಆದ್ದರಿಂದ ಇದು ಕಟ್ಟುನಿಟ್ಟಾದ ಅರ್ಥದಲ್ಲಿ ಹದಿಹರೆಯದ ಕಾದಂಬರಿಯಲ್ಲ. ಆದರೂ ಗೆಳೆತನ ಹೇಗೆ ಸಡಿಲಗೊಳ್ಳುತ್ತದೆ ಎಂಬುದನ್ನು ಇಷ್ಟು ನಿಖರವಾಗಿ ತೋರಿಸಿದ ಕೃತಿಗಳು ಕಡಿಮೆ.

ಈ ಕಾದಂಬರಿಯನ್ನು ಬಾಲ್ಯದ ಸೊಗಸಿನ ಕಥೆಯೆಂದು ಓದುವವರು ಅದರ ನಡುಭಾಗವನ್ನು ಗಮನಿಸುವುದು ಕಡಿಮೆ. ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಗುಂಪು ಕರಗುತ್ತದೆ. ಗುಂಪಿನ ಶಂಕರನ ತಂದೆಗೆ ವರ್ಗವಾಗಿ ಅವನು ಊರು ಬಿಡುತ್ತಾನೆ. ಸೋಮು ನಪಾಸಾಗಿ ಹಿಂದಿನ ತರಗತಿಯಲ್ಲೇ ಉಳಿಯುತ್ತಾನೆ. ಯಾರೂ ಅವನನ್ನು ಹೊರಹಾಕುವುದಿಲ್ಲ, ಅವನು ತಾನಾಗಿಯೇ ಗುಂಪಿನವನಲ್ಲದವನಾಗುತ್ತಾನೆ. 1930ರ ಆಗಸ್ಟಿನ ಚಳವಳಿಯ ಗದ್ದಲದಲ್ಲಿ ಶಾಲೆಯ ಗಾಜು ಒಡೆದ ಸ್ವಾಮಿ ಆಲ್ಬರ್ಟ್ ಮಿಷನ್ ಶಾಲೆ ಬಿಟ್ಟು ಬೋರ್ಡ್ ಹೈಸ್ಕೂಲು ಸೇರಬೇಕಾಗುತ್ತದೆ. ರಾಜಂ, ಮಣಿ ಹಳೆಯ ಶಾಲೆಯಲ್ಲೇ ಉಳಿಯುತ್ತಾರೆ. ಕ್ರಿಕೆಟ್ ತಂಡ ಅವರನ್ನು ಕೆಲಕಾಲ ಕೂಡಿಸುತ್ತದೆ. ಆದರೆ ಆ ತಂಡದ ಅಭ್ಯಾಸಕ್ಕೆ ಸಮಯ ಕೊಡದ ಹೊಸ ಶಾಲೆಯ ಡ್ರಿಲ್ಲೇ ಮುಂದಿನ ಒಡಕಿಗೂ ಕಾರಣವಾಗುತ್ತದೆ. ಪಂದ್ಯಕ್ಕೆ ಬಾರದ ಸ್ವಾಮಿಯನ್ನು ರಾಜಂ ಕ್ಷಮಿಸುವುದಿಲ್ಲ. ಕೊನೆಗೆ ಪೊಲೀಸ್ ಅಧಿಕಾರಿಯಾದ ರಾಜಂನ ತಂದೆಗೂ ವರ್ಗವಾಗುತ್ತದೆ.

ನಪಾಸು, ವರ್ಗಾವಣೆ, ಶಾಲಾಂತರ ಈ ಮೂರರಲ್ಲಿ ಯಾವುದೂ ಮಕ್ಕಳ ಆಯ್ಕೆಯಲ್ಲ. ಗಾಜು ಒಡೆದದ್ದು ಸ್ವಾಮಿಯ ಕೈಯೇ ಆದರೂ ಗೆಳೆಯರನ್ನು ಬಿಡುವುದು ಅವನ ಉದ್ದೇಶವಾಗಿರಲಿಲ್ಲ. ಆದರೂ ರೈಲು ನಿಲ್ದಾಣದಲ್ಲಿ ರಾಜಂಗೆಂದು ಆಂಡರ್ಸನ್ನನ ಕಥೆಗಳ ಪುಸ್ತಕ ಹಿಡಿದು ಓಡುವ ಸ್ವಾಮಿಗೆ ಕಾಣುವುದು ವ್ಯವಸ್ಥೆಯಲ್ಲ, ತನ್ನ ತಪ್ಪು. ರಾಜಂ ನಿಜವಾಗಿ ಕ್ಷಮಿಸಿದನೇ, ಅಥವಾ ಅವನ ಬಗ್ಗೆ ಮಣಿ ಕೊಟ್ಟ ಭರವಸೆ ಬರೀ ಸಮಾಧಾನದ ಮಾತೇ ಎಂಬುದನ್ನು ನಾರಾಯಣರು ತೀರ್ಮಾನಿಸುವುದಿಲ್ಲ. ಕಾರಣ ಹೊರಗಿದ್ದು ಅಪರಾಧಪ್ರಜ್ಞೆ ಒಳಗಿರುವ ಈ ಅಂತರವೇ ಗೆಳೆತನದ ಕಾದಂಬರಿಯ ಜೀವ.

3. ನೇಪಲ್ಸಿನ ಇಬ್ಬರು ಹುಡುಗಿಯರು

ಹುಡುಗಿಯರ ವಿಷಯಕ್ಕೆ ಬಂದರೆ ಈ ಅಂತರಕ್ಕೆ ಬಡತನ ಮತ್ತು ಮದುವೆ ಸೇರಿಕೊಳ್ಳುತ್ತವೆ. ಫೆರಾಂಟೆಯ ಕಾದಂಬರಿ ವಯಸ್ಕರಿಗಾಗಿ ಬರೆದದ್ದಾದರೂ ಅದರ ಕಥಾವಸ್ತು ಇಬ್ಬರು ಹುಡುಗಿಯರ ಬಾಲ್ಯ ಮತ್ತು ಹರೆಯ. ಎರಡನೇ ಮಹಾಯುದ್ಧದ ನಂತರದ ನೇಪಲ್ಸಿನ ಬಡ ಓಣಿಯಲ್ಲಿ ಬೆಳೆಯುವ ಎಲೆನಾ ಮತ್ತು ಲೀಲಾರಲ್ಲಿ ಹೆಚ್ಚು ಜಾಣೆ ಲೀಲಾ. ಆದರೆ ಪ್ರಾಥಮಿಕ ಶಾಲೆಯ ನಂತರ ಓದು ಮುಂದುವರಿಯುವುದು ಎಲೆನಾಳದು; ಚಮ್ಮಾರನ ಮಗಳಾದ ಲೀಲಾ ಶಾಲೆ ಬಿಡುತ್ತಾಳೆ. ಶಾಲೆಯ ಹೊರಗಿದ್ದೇ ಲ್ಯಾಟಿನ್, ಗ್ರೀಕ್ ಕಲಿಯಲು ಹೆಣಗುತ್ತಾಳೆ. ಹದಿನಾರರ ಲೀಲಾಳ ಮದುವೆಯೊಂದಿಗೆ ಕಾದಂಬರಿ ಮುಗಿಯುತ್ತದೆ.

ಇಲ್ಲಿಯೂ ಇಬ್ಬರ ನಡುವೆ ಅಸೂಯೆ ಇದೆ, ಪೈಪೋಟಿ ಇದೆ, ಗಾಢ ಪ್ರೀತಿಯೂ ಇದೆ. ಆದರೆ ಇಬ್ಬರ ದಾರಿಯನ್ನು ಬೇರೆ ಮಾಡಿದ್ದು ಆ ಭಾವನೆಗಳಲ್ಲ. ಒಂದು ಮನೆ ಶಾಲೆಯ ಖರ್ಚಿಗೆ ಒಪ್ಪಿತು, ಇನ್ನೊಂದು ಒಪ್ಪಲಿಲ್ಲ. ಓದು ಮುಂದುವರಿಸಿದವಳ ತಪ್ಪಿತಸ್ಥ ಭಾವವನ್ನೇ ಕಥನದ ಧ್ವನಿಯಾಗಿಸಿದ್ದು ಫೆರಾಂಟೆಯ ಸಾಧನೆ. ನಮ್ಮಲ್ಲಿ ಅಗಲಿಕೆಯ ಕಥೆಯನ್ನು ಹಿಂದೆ ಉಳಿದವರ ಕಡೆಯಿಂದ, ಕರುಣೆಯಿಂದ ಹೇಳುವುದೇ ವಾಡಿಕೆ. ಮುಂದೆ ಹೋದವರ ಆತ್ಮಸಾಕ್ಷಿಯ ಕಡೆಯಿಂದ ಹೇಳಿದಾಗ ಕಥೆಗೆ ಬೇರೆಯದೇ ನೈತಿಕ ತೂಕ ಬರುತ್ತದೆ.

4. ಮೂರು ಊರು, ಮೂರು ಬಗೆಯ ಅಗಲಿಕೆ

ಹುಬ್ಬಳ್ಳಿ–ದಾವಣಗೆರೆ ನಡುವಿನ ಒಂದೇ ರೈಲುದಾರಿಯ ಮೇಲಿರುವ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ಈ ಬೆಳಕಿನಲ್ಲಿ ನೋಡಿದರೆ ಮೂರೂ ಬೇರೆ ಬೇರೆ ಬಗೆಯ ಅಗಲಿಕೆಯ ನೆಲೆಗಳಾಗಿ ಕಾಣುತ್ತವೆ.

ಹಾವೇರಿ 1997ರ ಆಗಸ್ಟಿನಲ್ಲಿ ಧಾರವಾಡದಿಂದ ಬೇರ್ಪಟ್ಟು ಜಿಲ್ಲಾ ಕೇಂದ್ರವಾಯಿತು. ಅದರೊಂದಿಗೆ ಜಿಲ್ಲಾ ಮಟ್ಟದ ಕಚೇರಿಗಳು, ನ್ಯಾಯಾಲಯ, ಪೊಲೀಸ್ ಇಲಾಖೆಯ ಅಧಿಕಾರಿಗಳು, ಅವರ ಮಕ್ಕಳು ಬಂದರು. ಸರ್ಕಾರಿ ವಸತಿಗೃಹದ ಹುಡುಗ ಊರಿನ ಹುಡುಗನ ಜೀವದ ಗೆಳೆಯನಾಗುವುದು, ವರ್ಗಾವಣೆಯ ಆದೇಶ ಬಂದಾಗ ಲಗೇಜಿನೊಂದಿಗೆ ಹೊರಟುಹೋಗುವುದು ಇಂಥ ಊರಿಗೆ ಹೊಸದಲ್ಲ. ರಾಜಂನ ಕಥೆ ಇಲ್ಲಿ ಪ್ರತಿ ಮೇ–ಜೂನ್‌ನಲ್ಲಿ ಸಹಜವಾಗಿ ಹುಟ್ಟಬಲ್ಲದು.

ರಾಣೆಬೆನ್ನೂರು ಕಾಲೇಜುಗಳ ಊರೂ ಹೌದು, ಬೀಜದ ಊರೂ ಹೌದು. ಎಸ್ಸೆಸ್ಸೆಲ್ಸಿ ಫಲಿತಾಂಶದ ಮರುವಾರವೇ ಒಂದು ತರಗತಿ ವಿಜ್ಞಾನ, ವಾಣಿಜ್ಯ, ಕಲೆ, ಐಟಿಐ ಎಂದು ಒಡೆಯುತ್ತದೆ. ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಕೂಡಿ ಓದಿದವರಲ್ಲಿ ವಿಜ್ಞಾನಕ್ಕೆ ಹೋದವನ ಪಾಠ ಇಂಗ್ಲಿಷಿಗೆ ತಿರುಗುತ್ತದೆ. ಅವನು ನೀಟ್, ಸಿಇಟಿ ತರಬೇತಿಗೆಂದು ದಾವಣಗೆರೆಯ ಅಥವಾ ಧಾರವಾಡದ ಹಾಸ್ಟೆಲ್ ಸೇರುತ್ತಾನೆ. ಬೆಳಗಿನಿಂದ ರಾತ್ರಿಯವರೆಗಿನ ವೇಳಾಪಟ್ಟಿಯಲ್ಲಿ ಹಳೆಯ ಗೆಳೆಯನ ಫೋನಿಗೆ ಜಾಗವಿರುವುದಿಲ್ಲ. ಇತ್ತ ಸುತ್ತಲಿನ ಹಳ್ಳಿಗಳಲ್ಲಿ ಹೈಬ್ರಿಡ್ ತರಕಾರಿ ಬೀಜೋತ್ಪಾದನೆಯ ಹೊಲಗಳಿವೆ. ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಕೈಯಿಂದಲೇ ಮುಟ್ಟಿಸುವ ‘ಕ್ರಾಸಿಂಗ್’ ಕೆಲಸ ಗಳಿಗೆ ತಪ್ಪುವಂತಿಲ್ಲ. ಹೂವು ಅರಳುವ ಹೊತ್ತಿಗೆ ಆಳು ಹೊಲದಲ್ಲಿರಬೇಕು. ಆ ಹೊಲಕ್ಕೆ ತಾಯಿಯ ಜೊತೆ ಹೋಗುವ ಹುಡುಗಿಯ ದಿನದ ಗಡಿಯಾರವೂ ಹಾಸ್ಟೆಲ್ ಸೇರಿದ ಗೆಳತಿಯ ಗಡಿಯಾರವೂ ಎಂದೂ ಕೂಡುವುದಿಲ್ಲ. ಗೆಳೆತನಕ್ಕೆ ಮೊದಲು ಬೇಕಾದದ್ದು ಒಟ್ಟಿಗೆ ಸಿಗುವ ಹೊತ್ತು. ಅದು ಇಲ್ಲವಾದಾಗ ಪ್ರೀತಿ ಇದ್ದೂ ಬಳಕೆ ತಪ್ಪುತ್ತದೆ.

ಬ್ಯಾಡಗಿಯ ಕಥೆ ಮಾರುಕಟ್ಟೆಯದು. ಕಡ್ಡಿ, ಡಬ್ಬಿ ಎಂಬ ಎರಡು ಬಗೆಗಳಿಗೆ ಹೆಸರಾದ ಬ್ಯಾಡಗಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಮಾಲು ರಾಶಿರಾಶಿಯಾಗಿ ಆವಕವಾಗುವ ಮಾರ್ಚ್ ತಿಂಗಳಲ್ಲೇ ಎಸ್ಸೆಸ್ಸೆಲ್ಸಿ ಪರೀಕ್ಷೆಯೂ ಬರುತ್ತದೆ. ದಲಾಲಿ ಅಂಗಡಿಯ ಮಗ, ಹೊಲದಿಂದ ಚೀಲ ತಂದ ರೈತನ ಮಗ, ಮೆಣಸಿನಕಾಯಿ ತೊಟ್ಟು ಬಿಡಿಸುವ ತಾಯಿಯ ಮಗಳು ಒಂದೇ ಶಾಲೆಯ ಒಂದೇ ಕೊಠಡಿಯಲ್ಲಿ ಪರೀಕ್ಷೆ ಬರೆಯಬಲ್ಲ ಊರು ಇದು. 2024ರ ಮಾರ್ಚ್ 11ರಂದು ದರ ಕುಸಿದಾಗ ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ವರದಿಗಳಲ್ಲಿ ನಮಗೆ ಸಿಗುವುದು ದರ, ಆವಕ ಮತ್ತು ಹಾನಿಯ ಲೆಕ್ಕ. ಅಂಥ ದಿನದ ಮರುಬೆಳಗ್ಗೆ ದಲಾಲಿಯ ಮಗನೂ ರೈತನ ಮಗನೂ ಒಬ್ಬರ ಮುಖ ಒಬ್ಬರು ಹೇಗೆ ನೋಡಿಯಾರು ಎಂಬುದು ಕಾದಂಬರಿ ಮಾತ್ರ ಕೇಳಬಲ್ಲ ಪ್ರಶ್ನೆ. ತಂದೆಯರ ನಡುವಿನ ವ್ಯವಹಾರ ಮಕ್ಕಳ ನಡುವೆ ಗೋಡೆಯಾಗುವುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಸನ್ನಿವೇಶ ಸಿಗಲಾರದು.

5. ಬನ್ನಿಗೆ ಎಟುಕದ ದೂರ

ಉತ್ತರ ಕರ್ನಾಟಕದ ಸಮಾಜ ಮನಸ್ತಾಪಕ್ಕೆ ಮದ್ದು ಮಾಡಿಟ್ಟುಕೊಂಡಿದೆ. ವಿಜಯದಶಮಿಯಂದು ಬನ್ನಿ ಎಲೆ ಕೈಗಿಟ್ಟು ‘ಬಂಗಾರ ತಗೊಂಡು ಬಂಗಾರದ್ಹಂಗ ಇರೂಣು’ ಎಂದು ಹಿರಿಯರ ಕಾಲಿಗೆರಗಿ, ಸರೀಕರನ್ನು ಅಪ್ಪಿಕೊಂಡರೆ ವರ್ಷದ ಮುನಿಸು ಮುಗಿಯಿತು. ಸಂಕ್ರಾಂತಿಯ ಎಳ್ಳು ಬೆಲ್ಲದ ಆಶಯವೂ ಅದೇ. ಈ ಆಚರಣೆಗಳು ಅಮೂಲ್ಯವಾದವು. ಆದರೆ ಅವು ಜಗಳವಾಡಿದವರಿಗಾಗಿ ಇರುವ ಆಚರಣೆಗಳು. ಜಗಳವೇ ಆಡದೆ ದೂರವಾದವರು ಬನ್ನಿ ಕೊಟ್ಟುಕೊಂಡರೂ ಅವರ ನಡುವೆ ತಿದ್ದಿಕೊಳ್ಳಲು ಯಾವ ತಪ್ಪೂ ಇರುವುದಿಲ್ಲ. ನಗುತ್ತಾರೆ, ಎಲೆ ಬದಲಿಸಿಕೊಳ್ಳುತ್ತಾರೆ, ಮತ್ತೆ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ. ಮದುವೆಯಾಗಿ ಹೋದ ಗೆಳತಿಯ ಅಗಲಿಕೆಗೆ ಜನಪದದ ಹಾಡಾದರೂ ಇದೆ. ಪರ್ಸೆಂಟೇಜಿನಿಂದ ಬೇರೆಯಾದ ಗೆಳೆಯರಿಗೆ ಹಾಡೂ ಇಲ್ಲ, ಹಬ್ಬವೂ ಇಲ್ಲ. ಆಚರಣೆ ನಿಲ್ಲುವ ಈ ಜಾಗದಲ್ಲೇ ಕಾದಂಬರಿಯ ಕೆಲಸ ಶುರುವಾಗಬೇಕು.

ಆ ಕಾದಂಬರಿ ಖಳನನ್ನು ಹುಡುಕಬಾರದು. ಕೊನೆಯ ಪುಟದಲ್ಲಿ ಇಬ್ಬರನ್ನೂ ಬಲವಂತವಾಗಿ ಕೂಡಿಸಲೂಬಾರದು. ಹಾಗೆಂದು ಎಲ್ಲವನ್ನೂ ವ್ಯವಸ್ಥೆಯ ಮೇಲೆ ಹೊರಿಸಿ ಮಕ್ಕಳನ್ನು ಕೈಗೊಂಬೆಗಳಾಗಿಸುವುದೂ ಸಲ್ಲದು. ಫೋನು ಎತ್ತದೇ ಇದ್ದದ್ದು, ಹೊಸ ಗೆಳೆಯರ ಎದುರು ಹಳೆಯವನ ಮಾತಿನ ಧಾಟಿಗೆ ನಾಚಿಕೊಂಡದ್ದು ಅವರವೇ ಸಣ್ಣ ಆಯ್ಕೆಗಳು. ದೊಡ್ಡ ಕಾರಣ ಮತ್ತು ಸಣ್ಣ ಆಯ್ಕೆ ಎರಡನ್ನೂ ಅವುಗಳ ತೂಕಕ್ಕೆ ತಕ್ಕಂತೆ ಇಡುವುದೇ ಲೇಖಕನ ನ್ಯಾಯ. ಕಥೆಯ ನುಡಿಯೂ ಈ ಸೀಮೆಯದೇ ಆಗಿರಬೇಕು. ಸಂಭಾಷಣೆಯಲ್ಲಿ ಮಾತ್ರ ಬಂದು ನಿರೂಪಣೆಯಲ್ಲಿ ಮಾಯವಾಗುವ ಅಲಂಕಾರವಾಗಬಾರದು.

6. ಉಪಸಂಹಾರ

ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಕೊಡುತ್ತಿರುವ ಬಾಲಸಾಹಿತ್ಯ ಪುರಸ್ಕಾರದಲ್ಲಿ ಕನ್ನಡದ ಕಾದಂಬರಿಗಳಿಗೂ ಮನ್ನಣೆ ದೊರೆತಿದೆ. ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’, ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ ಈ ಸಾಲಿನವು. ಮಕ್ಕಳ ಕಾದಂಬರಿ ಕನ್ನಡದಲ್ಲಿ ಗಟ್ಟಿಯಾಗಿ ಬೆಳೆದಿರುವುದಕ್ಕೆ ಇವು ಸಾಕ್ಷಿ. ಆದರೆ ಆ ಪುರಸ್ಕಾರದ ಓದುಗರ ವಯೋಮಿತಿ ಹದಿನಾರಕ್ಕೆ ನಿಲ್ಲುತ್ತದೆ, ಗೆಳೆತನಗಳು ಒಡೆಯುವ ಪಿಯುಸಿಯ ಎರಡು ವರ್ಷಗಳು ಅಲ್ಲಿಂದಲೇ ಆರಂಭವಾಗುತ್ತವೆ. ಹದಿನಾರರಿಂದ ಹದಿನೆಂಟರ ಓದುಗ ಬಾಲಸಾಹಿತ್ಯಕ್ಕೆ ದೊಡ್ಡವನು, ವಯಸ್ಕರ ಸಾಹಿತ್ಯಕ್ಕೆ ಚಿಕ್ಕವನು ಎಂದಾಗಿ ನಡುವೆ ಉಳಿದುಬಿಟ್ಟಿದ್ದಾನೆ.

ಆದ್ದರಿಂದ ಧಾರವಾಡದ ಕರ್ನಾಟಕ ಬಾಲವಿಕಾಸ ಅಕಾಡೆಮಿ, ರಾಜ್ಯದ ಸಾಹಿತ್ಯ ಅಕಾಡೆಮಿ ಮತ್ತು ಪ್ರಕಾಶಕರು ಹದಿಹರೆಯದ ಕಾದಂಬರಿಯನ್ನು ಪ್ರತ್ಯೇಕ ಪ್ರಕಾರವಾಗಿ ಗುರುತಿಸಬೇಕು. ಪಿಯು ಕಾಲೇಜುಗಳ ಗ್ರಂಥಾಲಯಗಳು ಅಂಥ ಕೃತಿಗಳನ್ನು ಕೊಳ್ಳಬೇಕು. ಹಾವೇರಿ ಸೀಮೆಯ ಯುವ ಬರಹಗಾರರು ತಮ್ಮ ಹತ್ತನೇ ತರಗತಿಯ ಬೆಂಚಿನವರು ಈಗ ಎಲ್ಲೆಲ್ಲಿದ್ದಾರೆ ಎಂಬಲ್ಲಿಂದ ಬರೆಯಲು ತೊಡಗಲಿ. ಗಳಗನಾಥರು ಪುಸ್ತಕ ಹೊತ್ತು ತಿರುಗಿದ ಕಾಲದಲ್ಲಿ ಓದುಗರನ್ನು ಹುಡುಕಬೇಕಿತ್ತು. ಇಂದು ಓದುಗರು ಪ್ರತಿ ಪಿಯು ಕಾಲೇಜಿನಲ್ಲಿ ಸಿದ್ಧರಿದ್ದಾರೆ. ಅವರಿಗೆ ಬೇಕಾದ ಕಾದಂಬರಿಯನ್ನು ಬರೆಯುವುದು ನಮ್ಮ ಹೊಣೆ.