ಹಳದಿಯೊಳಗಿನ ಕಪ್ಪು

ಕಗ್ಗತ್ತಲಲ್ಲಿ ನೀಲಿ, ಹಸಿರು ಬಣ್ಣದಿಂದ ಹೊಳೆಯುವ ಹೂಗಳ ಚಿತ್ರಗಳು ನಿಮ್ಮ ವಾಟ್ಸ್ಯಾಪ್‌ಗೂ ಬಂದಿರುತ್ತವೆ. 'ಜೇನಿಗೆ ಹೂವು ಕಾಣುವುದೇ ಹೀಗೆ' ಎಂಬ ಒಕ್ಕಣೆ ಬೇರೆ. ಹಾಗೇನಿಲ್ಲ. ಅದು ನೇರಳಾತೀತ ಟಾರ್ಚ್ ಹಾಯಿಸಿದಾಗ ಹೂವು ನಮ್ಮ ಕಣ್ಣಿಗೆ ಕಾಣುವಂತೆ ಹೊರಸೂಸುವ ಬೆಳಕು, ಪ್ರತಿದೀಪ್ತಿ. ಜೇನಿನ ನೋಟಕ್ಕೆ ಹತ್ತಿರ ಹೋಗಬೇಕಾದರೆ, ಹಗಲಲ್ಲಿ ಹೂವು ಹಿಂದಿರುಗಿಸುವ ನೇರಳಾತೀತವನ್ನೇ ಕ್ಯಾಮೆರಾದಲ್ಲಿ ಹಿಡಿಯಬೇಕು.

ಇದರ ಬೇರು ಕ್ಯಾಮೆರಾಕ್ಕಿಂತ ಹಳೆಯದು. ಬರ್ಲಿನ್ ಪಕ್ಕದ ಸ್ಪಾಂಡೌನಲ್ಲಿ ಶಾಲೆಯ ಮುಖ್ಯಸ್ಥನಾಗಿದ್ದ ಕ್ರಿಸ್ಟಿಯಾನ್ ಕೊನ್ರಾಡ್ ಸ್ಪ್ರೆಂಗೆಲ್, ದಳಗಳ ಮೇಲಿನ ಗೆರೆ-ಚುಕ್ಕೆಗಳು ಕೀಟಗಳಿಗೆ ಮಕರಂದದ ದಾರಿ ತೋರುವ ಗುರುತುಗಳು ಎಂದು 1793ರಲ್ಲಿ ಪುಸ್ತಕ ಬರೆದ. ಹೆಚ್ಚು ಜನ ಕಿವಿಗೊಡಲಿಲ್ಲ. ಮರುವರ್ಷ ಹುದ್ದೆಯೂ ಹೋಯಿತು. 1841ರಲ್ಲಿ ಡಾರ್ವಿನ್ ಆ ಪುಸ್ತಕ ಓದಿ ಮೆಚ್ಚುವ ಹೊತ್ತಿಗೆ ಸ್ಪ್ರೆಂಗೆಲ್ ತೀರಿಕೊಂಡು 25 ವರ್ಷವಾಗಿತ್ತು.

ಆದರೆ ಗೆರೆಯೇ ಇಲ್ಲದ, ಅಪ್ಪಟ ಹಳದಿ ಹೂಗಳ ಕತೆಯೇನು?

ನೇರಳೆಯಾಚೆಗೂ ಬೆಳಕಿದೆ ಎಂದು 1801ರಲ್ಲಿ ಯೋಹಾನ್ ರಿಟ್ಟರ್ ತೋರಿಸಿದ್ದ. ಬೆಳ್ಳಿಯ ಕ್ಲೋರೈಡ್ ಅಲ್ಲಿ ಬೇಗ ಕಪ್ಪಾಗುತ್ತಿತ್ತು. ತೊಡಕಿದ್ದದ್ದು ಗಾಜಿನಲ್ಲಿ. ಸಾಮಾನ್ಯ ಲೆನ್ಸ್ ಈ ಬೆಳಕಿನ ಬಹುಪಾಲನ್ನು ನುಂಗಿಬಿಡುತ್ತದೆ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಕ್ವಾರ್ಟ್ಜ್ ಲೆನ್ಸಿಗೆ ತೆಳುವಾಗಿ ಬೆಳ್ಳಿ ಬಳಿದ. ಕಾಣುವ ಬೆಳಕು ತಡೆಯಿತು, ಕಾಣದ್ದು ಒಳಹೊಕ್ಕಿತು. 1910ರ ಹೊತ್ತಿನ ಅವನ ಚಿತ್ರಗಳಲ್ಲಿ ಬಿಳಿ ಹೂಗಳು ಕಪ್ಪಾಗಿವೆ. ಬಿಸಿಲಲ್ಲಿ ನಿಂತವನ ನೆರಳು ಹೆಚ್ಚುಕಡಿಮೆ ಮಾಯ. ನನಗಂತೂ ಈ ಇಡೀ ಇತಿಹಾಸದಲ್ಲಿ ತುಂಬ ಇಷ್ಟವಾದ ತಂತ್ರ ಇದು.

1920ರ ದಶಕದಲ್ಲಿ ಎರಡು ಎಳೆಗಳು ಕೂಡಿದವು. ಜೇನಿಗೆ ನೇರಳಾತೀತ ಕಾಣುತ್ತದೆಂದು ಜರ್ಮನಿಯಲ್ಲಿ ಆಲ್ಫ್ರೆಡ್ ಕ್ಯೂನ್ ಪ್ರಯೋಗಗಳಿಂದ ತೋರಿಸಿದ. ನ್ಯೂಯಾರ್ಕಿನ ಪ್ರಕೃತಿ ಇತಿಹಾಸ ಮ್ಯೂಸಿಯಂನ ಫ್ರಾಂಕ್ ಲುಟ್ಜ್ ಹೂಗಳ ನೇರಳಾತೀತವನ್ನು ಅಧ್ಯಯನ ಮಾಡಿ 1924ರಲ್ಲಿ ಪ್ರಕಟಿಸಿದ. ಆದರೆ ಈ ವಿನ್ಯಾಸವೆಲ್ಲ ಕೀಟಕ್ಕಾಗಿಯೇ ಆಗಿದ್ದು ಎನ್ನಲು ಅವನು ಆತುರಪಡಲಿಲ್ಲ. 1969ರಲ್ಲಿ ಥಾಮಸ್ ಐಸ್ನರ್ ಮತ್ತು ಸಂಗಡಿಗರು ಟಿವಿ ಕ್ಯಾಮೆರಾವನ್ನೇ ಕೀಟದ ಕಣ್ಣಾಗಿಸಿದರು. ಮೂರು ವರ್ಷಗಳ ನಂತರ, ರುಡ್‌ಬೆಕಿಯಾ ಹೂವಿನ ಕಾಣದ ಕಪ್ಪಿಗೆ ಫ್ಲೇವನಾಲ್ ಎಂಬ ವರ್ಣದ್ರವ್ಯಗಳು ಕಾರಣವೆಂದು ಗೊತ್ತಾಯಿತು.

ಈಗ ಡಿಜಿಟಲ್ ಕ್ಯಾಮೆರಾದ ಸೆನ್ಸರ್ ಮುಂದಿನ ಫಿಲ್ಟರ್ ತೆಗೆಸಿದರೆ ನನ್ನಂಥ ವಾರಾಂತ್ಯದ ಹವ್ಯಾಸಿಗೂ ಇದು ಸಾಧ್ಯ. ಪುಣೆಯ ಬಾಲ್ಕನಿಯಲ್ಲಿ ಬೆಳೆಸಿದ ಸೂರ್ಯಕಾಂತಿಯನ್ನು ಹಾಗೆ ತೆಗೆದಿದ್ದೇನೆ. ನಮ್ಮ ಬಯಲುಸೀಮೆಯ ಹೊಲಗಳಲ್ಲಿ ಒಂದೇ ಹಳದಿಯಾಗಿ ಕಾಣುವ ದಳಗಳ ಬುಡ ಕಪ್ಪು, ತುದಿ ಮಾತ್ರ ಬೆಳಕು, ಥೇಟ್ ಗುರಿಹಲಗೆ. ಬಣ್ಣ ಮಾತ್ರ ನಾವು ಕೊಟ್ಟದ್ದು. ಜೇನಿನ ಬಣ್ಣ ಯಾವ ಮಾನಿಟರಿಗೂ ಬರುವುದಿಲ್ಲ.

ಲುಟ್ಜ್ ಅವಸರಪಡದಿದ್ದದ್ದು ಸರಿಯೇ ಇತ್ತು ಅನ್ನಿಸುತ್ತದೆ. 2022ರಲ್ಲಿ ಪ್ರಕಟವಾದ ಕೆನಡಾದ ಸಂಶೋಧನೆಯೊಂದರ ಪ್ರಕಾರ ಒಣಹವೆಯ ಕಾಡು ಸೂರ್ಯಕಾಂತಿಗಳಲ್ಲಿ ಈ ಕಪ್ಪು ವೃತ್ತ ದೊಡ್ಡದು. ಜೇನನ್ನು ಕರೆಯುವ ಅದೇ ಫ್ಲೇವನಾಲ್‌ಗಳು ದಳದ ನೀರು ಆರಿಹೋಗದಂತೆಯೂ ಕಾಯುತ್ತಿರುವಂತಿದೆ.