ಹೆಬ್ಬೆಟ್ಟು ಕೇಳುವ ಮಷೀನು



1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ಬ್ರಿಟಿಷ್ ಅಧಿಕಾರಿ ವಿಲಿಯಂ ಹರ್ಷೆಲ್, ಕರಾರು ಮುರೀಬಾರ್ದು ಅಂತ ಗುತ್ತಿಗೆದಾರ ರಾಜ್ಯಧರ ಕೊನಾಯ್ ಅವರ ಅಂಗೈ ಅಚ್ಚು ಒತ್ತಿಸಿಕೊಂಡ. ಶುರುವಾಗಿದ್ದೇ ಅಪನಂಬಿಕೆಯಿಂದ. ಅಕ್ಷರ ಕೊಡದೆ ನಮ್ಮೋರನ್ನ ‘ಹೆಬ್ಬೆಟ್ಟು’ ಅಂತ ಹಂಗಿಸಿದ್ದೂ ಆಯ್ತು. 2010ರಲ್ಲಿ ಆಧಾರ್ ಕೊಡೋಕೆ ಶುರು ಮಾಡಿದ್ರು, ಆಮೇಲೆ ರೇಷನ್ ಅಂಗಡಿಗೂ ಥಂಬ್ ಮಷೀನು ಬಂತು.

ನಮ್ಮ ಕೇರಿಯ ದೊಡ್ಡವ್ವ ಜೀವಮಾನವೆಲ್ಲ ಕಲ್ಲು ಹೊತ್ತೋಳು. ಬೆರಳಲ್ಲಿ ಗೆರೆಯೇ ಸವೆದುಹೋಗಿದೆ. ಮೂರು ಸಲ ಒತ್ತಿದಳು, ಮಷೀನು ಒಪ್ಪಲಿಲ್ಲ. ಖಾಲಿ ಚೀಲ ಹಿಡ್ಕೊಂಡು ವಾಪಸ್. ನಾನೂ ದಿನಾ ಕಂಪ್ಯೂಟರ್ ಮುಂದೆ ಕೂರೋ ಗುಮಾಸ್ತ. ಕೇಳಲೇಬೇಕು, ಇದನ್ನ ಯಾರ ಬೆರಳು ನೋಡಿ ಮಾಡಿದ್ರು?

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲೇ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದ್ರು. 2018ರ ತೀರ್ಪು ಆಧಾರ್ ಉಳಿಸ್ತು. ಬೆರಳು ಹೊಂದದಿದ್ರೂ ಸವಲತ್ತು ತಪ್ಪಬಾರದು ಅಂತಲೂ ಅದರಲ್ಲಿದೆ. ದೊಡ್ಡವ್ವನ ಅಂಗಡಿ ಮಷೀನಲ್ಲಿ ಅದಕ್ಕೊಂದು ಬಟನ್ ಮಾತ್ರ ನಂಗೆ ಕಾಣಲಿಲ್ಲ.